ಬೆಲ್ಲಿನಿಸ್ ಮನೆಯ ಮೂರನೆಯ ಮಹಡಿ

“ಬೆರಳು ತೆಗೀರಿ, ಇನ್ಸ್‌ಪೆಕ್ಟರೇ. ಆ ಗಾಜು ಮುಟ್ಟೋ ಹಕ್ಕು ಚಿತ್ರದಲ್ಲಿ ಮನೆ ಇರೋರಿಗೆ ಮಾತ್ರ.”

ಗೆರಾಸಿಮೊಸ್ ಕೊಸ್ಮಾಟೊಸ್ ಬೆರಳು ತೆಗೆದು ಕೈಯನ್ನು ಜೇಬಿಗೆ ಇಳಿಸಿದ.

ಹಾಗೆ ಹೇಳಿದವಳು ರೂಬಿನಿ, ಗ್ರೀಸಿನ ಜಾಕಿಂಥೊಸ್ ದ್ವೀಪದ ಪಟ್ಟಣದ ವಾಚನ ಸಂಘದ ಚಿತ್ರಶಾಲೆಯನ್ನು ನೋಡಿಕೊಳ್ಳುವವಳು. ಊಟದ ಹೊತ್ತಿಗೆ ತನ್ನ ಕೈಗೆ ಕೋಳ ತೊಡಿಸಬಹುದಾದ ಮನುಷ್ಯನ ಜೊತೆ ಈ ಧಾಟಿಯಲ್ಲಿ ಮಾತಾಡಲು ಗಟ್ಟಿ ಗುಂಡಿಗೆ ಬೇಕು. ಇಲ್ಲವೇ, ಅದೇ ಮಾತನ್ನು ಜೀವಮಾನವಿಡೀ ಊರಿಗೆಲ್ಲ ಹೇಳಿ ಬಾಯಿಗೆ ರೂಢಿಯಾಗಿರಬೇಕು.

“ನನ್ನ ಮನೆ ಇದರಲ್ಲಿ ಇರೋಕೆ ಹೇಗೆ ಸಾಧ್ಯ? ನಾನು ಪಕ್ಕದ ದ್ವೀಪದವನು, ಕೆಫಲೋನಿಯದವನು.”

“ಅದು ಗೊತ್ತಾಗುತ್ತೆ. ಅಲ್ಲಿಯ ಸಂತ ಗೆರಾಸಿಮೊಸ್ ಹೆಸರಿಟ್ಕೊಂಡು ಬೇರೆ ಎಲ್ಲಿಂದ ಬರ್ತೀರಿ? ನಮ್ಮ ಕಡೆ ಒಂದು ಮಾತಾಡ್ಕೋತಾರೆ, ಕೆಫಲೋನಿಯದಲ್ಲಿ ಭೂಕಂಪ ಆದ್ರೆ ಅಲ್ಲಿಯವರಿಗೆ ಗೊತ್ತೇ ಆಗಲ್ವಂತೆ. ತಲೆ ಮೊದಲೇ ಅಲ್ಲಾಡ್ತಾ ಇರುತ್ತಲ್ಲ.”

“ನಮ್ಮ ಕಡೆ ನಿಮ್ಮ ಬಗ್ಗೆ ಮಾತಾಡ್ಕೊಳ್ಳೋದನ್ನ ನಾನು ಹೇಳಲ್ಲ. ಸರ್ಕಾರಿ ಸಮವಸ್ತ್ರದಲ್ಲಿದ್ದೀನಿ.”

ಅವಳು ನಕ್ಕಳು. ನಗು ಮುಗಿಯುವ ಮೊದಲೇ ಕೈ ಮುಖಕ್ಕೆ ಹೋಯಿತು, ಕಣ್ಣೊರೆಸಿಕೊಂಡಳು. ಗೋಡೆಯ ಮೇಲಿನ ಈ ಚಿತ್ರ ನಕಲಿ, ಅಸಲನ್ನು ಯಾರೋ ಮಾರಿಕೊಂಡಿದ್ದಾರೆ ಎಂದು ಅಥೆನ್ಸಿನ ತಜ್ಞರು ಹೇಳಿದ ದಿನದಿಂದ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಚಿತ್ರಶಾಲೆಗೆ ಇರುವುದು ಒಂದೇ ಬಾಗಿಲು. ಬಾಗಿಲಿಗೆ ಇರುವುದು ಒಂದೇ ಬೀಗದ ಕೈ. ಅದು ಅವಳ ಹತ್ತಿರ.

ಕೊಸ್ಮಾಟೊಸ್ ಮತ್ತೆ ಚಿತ್ರದತ್ತ ತಿರುಗಿದ. ಕೈ ಮಾತ್ರ ಜೇಬಿನಲ್ಲೇ ಇತ್ತು.

ವಿಲ್ಮಟ್ ಎಂಬ ಆಂಗ್ಲ ಸೇನಾ ಎಂಜಿನಿಯರು, ಈ ದ್ವೀಪಗಳು ಬ್ರಿಟಿಷರ ಕೈಯಲ್ಲಿದ್ದ ಕಾಲದಲ್ಲಿ, ಹಡಗಿನ ಮೇಲೆ ಕುಳಿತು ಬರೆದ ಜಲವರ್ಣ ಅದು. ಮುಂದೆ ಸಮುದ್ರ, ದಡದುದ್ದಕ್ಕೂ ಬಿಳಿ ಮನೆಗಳ ಸಾಲು, ಚರ್ಚುಗಳ ಗಂಟೆಗೋಪುರ, ಹಿಂದೆ ಗುಡ್ಡ, ಗುಡ್ಡದ ಮೇಲೆ ಕೋಟೆ. ಸಾವಿರದ ಒಂಬೈನೂರ ಐವತ್ತಮೂರರ ಆಗಸ್ಟಿನಲ್ಲಿ ಭೂಮಿ ಅಲುಗಿತು, ಬಿದ್ದಿದ್ದಕ್ಕೆ ಬೆಂಕಿಯೂ ಹತ್ತಿತು. ಆ ನೋಟದಲ್ಲಿ ಉಳಿದಿದ್ದೆಂದರೆ ಸಮುದ್ರ ಮತ್ತು ಗುಡ್ಡ.

ಹಾಗಾಗಿ ಊರಿನವರಿಗೆ ಅದು ಕಲೆಯಲ್ಲ, ಆಸ್ತಿ. ಭಾನುವಾರ ಚರ್ಚು ಮುಗಿದ ಮೇಲೆ ಜನ ಬರುತ್ತಾರೆ. “ಇದು ನಮ್ಮದು” ಎಂದು ಗಾಜಿನ ಮೇಲೆ ಬೆರಳಿಡುತ್ತಾರೆ. ಹೆಣ್ಣು ನೋಡಲು ಬಂದವರನ್ನು ಕಾಫಿಗೆ ಮೊದಲು ಇಲ್ಲಿಗೆ ಕರೆತರುತ್ತಾರೆ. ಈಗ ಬಾಡಿಗೆ ಮನೆಯಲ್ಲಿ ಇದ್ದರೇನು, ಅಜ್ಜನ ಕಾಲದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಮನೆ ಇತ್ತಲ್ಲ! ಪ್ರತಿ ಸೋಮವಾರ ರೂಬಿನಿ ವಿನೆಗರ್ ಹಾಕಿ ಗಾಜು ಒರೆಸುತ್ತಾಳೆ. ಯಾವ ಮನೆಯ ಮೇಲೆ ಜಿಡ್ಡು ಹೆಚ್ಚಿದೆಯೋ ಆ ಮನೆಯಲ್ಲಿ ಸಂಬಂಧ ಕುದುರುತ್ತಿದೆ ಎಂದು ಲೆಕ್ಕ.

“ಎಲ್ಲಕ್ಕಿಂತ ಹೆಚ್ಚು ಜಿಡ್ಡು ಯಾವ ಮನೆ ಮೇಲೆ?” ಕೊಸ್ಮಾಟೊಸ್ ಕೇಳಿದ.

“ನಡುವೆ ಇರೋದು. ಬೆಲ್ಲಿನಿಸ್‌ರದ್ದು. ನಮ್ಮ ಅಧ್ಯಕ್ಷರು ಸ್ಯೋರ್ ಅಂಜೊಲೊ ದಿನಾ ಬರ್ತಾರೆ. ಚಿತ್ರ ಸಂಘಕ್ಕೆ ಕೊಟ್ಟಿದ್ದೇ ಅವರ ತಂದೆ. ಊರಲ್ಲಿ ಮೂರು ಮಹಡಿ ಮನೆ ಇದ್ದಿದ್ದು ಇಬ್ಬರಿಗೇ, ಅವರಿಗೆ, ಮತ್ತೆ ಗಲ್ಲಿಯ ಆಚೆ ಕರ್ವೇಲಾಸ್‌ರಿಗೆ.”

“ತಜ್ಞರು ನಕಲಿ ಅಂದಿದ್ದು ಇದನ್ನ ನೋಡಿಯೇ ಅಲ್ವಾ?”

“ಹೂಂ.” ರೂಬಿನಿ ಮೇಜಿನ ಮೇಲಿದ್ದ ದಪ್ಪ ಪುಸ್ತಕ ತೆರೆದಳು. ವಿಲ್ಮಟ್ ಊರಿಗೆ ಮರಳಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಪ್ರವಾಸದ ಪುಸ್ತಕ. ಜಲವರ್ಣವನ್ನೇ ನೋಡಿ ತಾಮ್ರದ ಹಾಳೆಯಲ್ಲಿ ಕೆತ್ತಿ ಮುದ್ರಿಸಿದ ನೋಟ ಅದರಲ್ಲಿತ್ತು. ಅದೇ ದಡ, ಅದೇ ಸಾಲು. ನಡುವಿನ ಮನೆಗೆ ಮಾತ್ರ ಎರಡೇ ಮಹಡಿ.

ಕೊಸ್ಮಾಟೊಸ್ ಬಹಳ ಹೊತ್ತು ನೋಡಿದ. “ಇದೇನಿದು? ದಡದಲ್ಲಿ ಮುರಿದ ಕಂಬ?”

“ಅದು ಲಂಡನ್ನಿನವರ ಕೈಚಳಕ. ನಮ್ಮಲ್ಲಿ ಪುರಾತನ ಕಂಬ ಎಲ್ಲಿಂದ ಬರಬೇಕು? ಇಲ್ಲಿರೋದು ಒಣದ್ರಾಕ್ಷಿ, ಆಲಿವ್ ಎಣ್ಣೆ. ಆದ್ರೆ ಗ್ರೀಸಿನ ನೋಟ ಅಂದ್ಮೇಲೆ ಮುರಿದ ಕಂಬ ಇಲ್ದಿದ್ರೆ ಲಂಡನ್ನಿನಲ್ಲಿ ಯಾರು ಕೊಳ್ತಾರೆ? ಇವಳನ್ನ ನೋಡಿ. ಮೂಲದಲ್ಲಿ ಬಟ್ಟೆ ಒಗೀತಾ ಇರೋ ಹೆಂಗಸು. ಕೆತ್ತೋನು ಅವಳಿಗೆ ಪುರಾತನ ಕಾಲದ ಬಟ್ಟೆ ಸುತ್ತಿ, ತಲೆ ಮೇಲೆ ಹೂಜಿ ಇಟ್ಟು, ದೇವಕನ್ಯೆ ಮಾಡಿಬಿಟ್ಟಿದಾನೆ.”

“ಅಂದ್ರೆ ಕೆತ್ತಿದವನ ಮಾತು ನಂಬೋಹಾಗಿಲ್ಲ.”

“ನಾನೂ ಅದನ್ನೇ ಹೇಳ್ದೆ. ತಜ್ಞರು ಕೇಳಲಿಲ್ಲ.”

“ಕೇಳದಿದ್ದಿದ್ದು ಸರಿನೇ,” ಎಂದ ಕೊಸ್ಮಾಟೊಸ್. ರೂಬಿನಿಯ ಮುಖ ಬಾಡಿತು. ಅವನು ಅವಸರದಿಂದ ಮುಂದುವರಿಸಿದ. “ಅಲ್ಲ, ಯೋಚನೆ ಮಾಡಿ ಸ್ಯೋರಾ ರೂಬಿನಿ. ಪುಸ್ತಕ ಮಾರೋಕೆ ಕಂಬ ಸೇರಿಸ್ತಾನೆ, ಹೂಜಿ ಸೇರಿಸ್ತಾನೆ. ಮಹಡಿ ಯಾಕೆ ಕಿತ್ತುಹಾಕ್ತಾನೆ? ಅವನ ಕಣ್ಣಿಗೆ ಎರಡೇ ಮಹಡಿ ಕಂಡಿದೆ. ಎರಡೇ ಕೆತ್ತಿದ್ದಾನೆ.”

“ಹಾಗಾದ್ರೆ ಇದು ನಕಲಿ. ನಾನು ಕಳ್ಳಿ.”

“ಸ್ವಲ್ಪ ತಡೀರಿ. ಈಗ ನೀವೊಬ್ಬ ನಕಲು ಮಾಡೋ ಕಳ್ಳ ಅಂದ್ಕೊಳಿ. ಅಸಲು ಎದುರಿಗಿದೆ. ಯಾರಿಗೂ ಅನುಮಾನ ಬರಬಾರದು. ಇದ್ದಿದ್ದು ಇದ್ದಹಾಗೇ ಬರೀತೀರಿ ಅಲ್ವಾ? ಊರವರು ದಿನಾ ಬೆರಳಿಡೋ ಮನೆಗೆ ನಿಮ್ಮ ಕೈಯಿಂದ ಒಂದು ಮಹಡಿ ಕಟ್ಟಿಕೊಡ್ತೀರಾ?”

ರೂಬಿನಿ ಕುರ್ಚಿಯಲ್ಲಿ ಕುಳಿತಳು. ಅವಳು ಚಿಕ್ಕಂದಿನಿಂದ ನೋಡಿದ್ದು ಮೂರು ಮಹಡಿಯನ್ನೇ. ಅದು ಅವಳಿಗೆ ಕೋಟೆಯಷ್ಟೇ ಗಟ್ಟಿ ಸತ್ಯ.

“ನಕಲು ಮಾಡೋನು ಏನನ್ನೂ ಸೇರಿಸಲ್ಲ,” ಎಂದ ಕೊಸ್ಮಾಟೊಸ್. “ಸೇರಿಸೋನು ಒಬ್ಬನೇ. ಮನೆಯ ಯಜಮಾನ.”

ಹೊರಗೆ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು.

*

ಅಂಜೊಲೊ ಬೆಲ್ಲಿನಿಸ್ ಒಳಗೆ ಬಂದರು. ಎಪ್ಪತ್ತು ದಾಟಿದ, ನೆಟ್ಟನೆಯ ಬೆನ್ನಿನ ಮನುಷ್ಯ. ಮೇ ತಿಂಗಳ ಬಿಸಿಲಿನಲ್ಲೂ ಕೋಟು, ಕೋಟಿಗೆ ಹೂವು. ಅವರ ಹಿಂದೆ ಅಥೆನ್ಸಿನ ತಜ್ಞ, ಡಾಕ್ಟರ್ ಥ್ರಾಸಿವುಲೊಸ್, ಚರ್ಮದ ಚೀಲ ಹಿಡಿದು ಬಂದರು. ಸಂಘದ ಚಿತ್ರಗಳನ್ನು ಅಥೆನ್ಸಿನ ಒಂದು ಪ್ರದರ್ಶನಕ್ಕೆ ಕಳಿಸುವ ಮೊದಲು ಬೆಲೆ ಕಟ್ಟಲೆಂದು ಕರೆಸಿದ್ದ ಮನುಷ್ಯ. ಬೆಲೆ ಕಟ್ಟುವ ಬದಲು ಊರಿನ ನೆಮ್ಮದಿ ಕೆಡಿಸಿದ್ದರು.

ಅಂಜೊಲೊ ಮೊದಲು ಚಿತ್ರದ ಹತ್ತಿರ ಹೋದರು, ನಡುವಿನ ಮನೆಯ ಮೇಲೆ ತೋರುಬೆರಳಿಟ್ಟರು, ತೆಗೆದರು. ಆಮೇಲೆ ಎಲ್ಲರಿಗೂ ನಮಸ್ಕಾರ ಹೇಳಿದರು.

“ದೂರು ಬರೆದು ತಂದಿದ್ದೀನಿ ಇನ್ಸ್‌ಪೆಕ್ಟರೇ. ರುಜು ಹಾಕೋದೊಂದು ಬಾಕಿ. ನನ್ನ ಮನಸ್ಸಿಗೆ ಸಂಕಟ ಆಗ್ತಾ ಇದೆ. ಈ ಹುಡುಗಿಯನ್ನ ನಾನೇ ಕೆಲಸಕ್ಕೆ ಸೇರಿಸಿದ್ದು.”

“ಹುಡುಗಿ” ಐವತ್ತರ ರೂಬಿನಿ ತಲೆ ತಗ್ಗಿಸಿದಳು.

“ರುಜು ಆಮೇಲೆ,” ಎಂದ ಕೊಸ್ಮಾಟೊಸ್. “ಡಾಕ್ಟರೇ, ಒಂದು ಪ್ರಶ್ನೆ. ಈ ಬಿಳಿ ಬಣ್ಣ ನಮ್ಮ ಶತಮಾನದ್ದು, ವಿಲ್ಮಟ್ ಕಾಲದಲ್ಲಿ ಹುಟ್ಟೇ ಇರಲಿಲ್ಲ ಅಂತ ವರದಿಯಲ್ಲಿ ಬರೆದಿದ್ದೀರಿ. ಪರೀಕ್ಷೆಗೆ ಬಣ್ಣ ಎಲ್ಲಿಂದ ತೆಗೆದ್ರಿ?”

“ಬಿಳಿ ಬಣ್ಣ ಇದ್ದ ಜಾಗದಿಂದ. ಮುಂದಿನ ಗಾಜನ್ನಷ್ಟೇ ಸ್ವಲ್ಪ ಸರಿಸಿ, ಸೂಜಿಮೊನೆಯಷ್ಟು.”

“ಯಾವ ಮನೆಯಿಂದ?”

“ನಡುವಿನ ದೊಡ್ಡ ಮನೆ. ಮೇಲಿನ ಮಹಡಿ.”

“ಪಕ್ಕದ ಮನೆಯೂ ಬಿಳಿನೇ. ಅದರ ಪಕ್ಕದ್ದೂ ಬಿಳಿ. ಅಲ್ಲಿಂದ ಯಾಕೆ ತೆಗೀಲಿಲ್ಲ?”

ಡಾಕ್ಟರು ಮುಗುಳ್ನಕ್ಕರು. ಪಾಠ ಹೇಳುವವರ ನಗು. “ಅಲ್ಲಿ ತೆಗೆಯೋಕೆ ಬಣ್ಣವೇ ಇಲ್ಲ. ಜಲವರ್ಣದವರು ಬಿಳಿಗೆ ಬಣ್ಣ ಹಚ್ಚಲ್ಲ ಇನ್ಸ್‌ಪೆಕ್ಟರೇ. ಸುತ್ತ ಬಣ್ಣ ಬಳಿದು ಬಿಳಿ ಬೇಕಾದಲ್ಲಿ ಕಾಗದವನ್ನ ಹಾಗೇ ಬಿಡ್ತಾರೆ. ಅದೇ ಅವರ ಜಾಣತನ.”

“ಓ. ಹಾಗಾದ್ರೆ ಊರಿಗೆಲ್ಲ ಕಾಗದ ಬಿಟ್ಟವನು ಈ ಒಂದು ಮಹಡಿಗೆ ಮಾತ್ರ ಸುಣ್ಣ ಹೊಡೆದನಾ?”

ಡಾಕ್ಟರ ಮುಗುಳ್ನಗು ಹಾಗೇ ಉಳಿಯಿತು. ಅದರ ಹಿಂದಿದ್ದ ಮನುಷ್ಯ ಮಾತ್ರ ಎಲ್ಲೋ ಹೋಗಿದ್ದ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಗಾಜಿನ ಹತ್ತಿರ ಮೂಗು ಒಯ್ದರು.

“ಚೌಕಟ್ಟು ಬಿಚ್ಚೋಣ,” ಎಂದ ಕೊಸ್ಮಾಟೊಸ್.

“ಬೇಡ!”

ಅಂಜೊಲೊ ಚಿತ್ರಕ್ಕೂ ಕೊಸ್ಮಾಟೊಸ್‌ಗೂ ನಡುವೆ ಬಂದು ನಿಂತಿದ್ದರು. ಊರುಗೋಲು ಅಡ್ಡ ಹಿಡಿದಿದ್ದರು.

“ನನ್ನ ತಂದೆ ಕೈಯಾರೆ ಮುಚ್ಚಿದ ಚೌಕಟ್ಟು ಇದು. ಕೊಡುವಾಗ್ಲೇ ಕರಾರು ಹಾಕಿದಾರೆ, ಬೆನ್ನಿನ ಹಲಗೆ ಎಂದೂ ಬಿಚ್ಚಬಾರದು ಅಂತ.”

“ಅಂಥಾ ಕರಾರು ಇದೆಯಾ?” ಕೊಸ್ಮಾಟೊಸ್ ರೂಬಿನಿಯ ಕಡೆ ನೋಡಿದ.

“ಇದೆ,” ಎಂದಳು ಅವಳು. “ಅಧ್ಯಕ್ಷರು ಒಪ್ಪಿದ್ರೆ ಮಾತ್ರ ಬಿಚ್ಚಬಹುದು.”

“ಹಾಗಾದ್ರೆ ಒಪ್ಪಿಕೊಳಿ, ಸ್ಯೋರ್ ಅಂಜೊಲೊ.”

“ಒಪ್ಪಲ್ಲ.”

“ಒಪ್ಪದಿದ್ರೆ ಇವರು ಜೈಲಿಗೆ ಹೋಗ್ತಾರೆ.”

ರೂಬಿನಿ ಮುದುಕರನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವರು ತಡೆದುಕೊಳ್ಳುತ್ತಿದ್ದರೇನೋ.

“ಬರ್ಕೊಳಿ ಹಾಗಾದ್ರೆ,” ಎಂದರು ಅಂಜೊಲೊ ಒಮ್ಮೆಲೆ, ದನಿ ಎತ್ತರಿಸಿ. “ನಾನೇ ಮಾರಿದೆ ಅಂತ ಬರ್ಕೊಳಿ. ಅಸಲನ್ನ ಮಾರಿ ಇದನ್ನ ತಂದಿಟ್ಟವನು ನಾನು. ಹುಡುಗಿದೇನೂ ತಪ್ಪಿಲ್ಲ. ಆಯ್ತಲ್ಲ? ಚೌಕಟ್ಟು ಮುಟ್ಟೋ ಅಗತ್ಯ ಇಲ್ಲ. ನಡೀರಿ ಠಾಣೆಗೆ.”

ಡಾಕ್ಟರು ತೆರೆದ ಬಾಯಿ ಮುಚ್ಚಲು ಮರೆತರು.

“ಯಾರಿಗೆ ಮಾರಿದ್ರಿ?” ಎಂದ ಕೊಸ್ಮಾಟೊಸ್ ಮೆಲ್ಲಗೆ.

“ಒಬ್ಬ... ಜರ್ಮನಿಯವನಿಗೆ.”

“ಹೆಸರು?”

“ಜರ್ಮನ್ ಹೆಸರು. ನನ್ನ ನಾಲಿಗೆಗೆ ಬರಲ್ಲ.”

“ನಕಲು ಯಾರು ಬರೆದಿದ್ದು?”

“ಇನ್ನೊಬ್ಬ ಜರ್ಮನಿಯವನು.”

ಕೊಸ್ಮಾಟೊಸ್‌ಗೆ ನಗು ಬಂತು. ಕೆನ್ನೆಯ ಒಳಭಾಗ ಕಚ್ಚಿಕೊಂಡು ತಡೆದ. ಕಳ್ಳರು ತಪ್ಪೊಪ್ಪಿಕೊಳ್ಳುವುದನ್ನು ಅವನು ಬೇಕಾದಷ್ಟು ಕೇಳಿದ್ದ. ಇಷ್ಟು ಕೆಟ್ಟದಾಗಿ ಕಳ್ಳತನ ಒಪ್ಪಿಕೊಂಡವರನ್ನು ಕಂಡಿರಲಿಲ್ಲ.

“ಸ್ಯೋರ್ ಅಂಜೊಲೊ, ನಿಮಗೆ ಜೈಲು ವಾಸಿ ಅನ್ನಿಸೋಷ್ಟು ಈ ಚೌಕಟ್ಟಿನೊಳಗೆ ಏನಿದೆ?”

ರೂಬಿನಿ ಎದ್ದು ಬಂದು ಅಡ್ಡ ಹಿಡಿದಿದ್ದ ಊರುಗೋಲಿನ ಮೇಲೆ ಕೈಯಿಟ್ಟಳು. ಕಸಿದುಕೊಳ್ಳಲಿಲ್ಲ, ಸುಮ್ಮನೆ ಇಟ್ಟಳು.

“ಬಿಚ್ಚಲಿ ಬಿಡಿ,” ಎಂದಳು. “ನಿಮಗೋಸ್ಕರ ಅಲ್ದಿದ್ರೂ ನನಗೋಸ್ಕರ. ಬೀದಿನಾಟಕದವರು ಆಗಲೇ ನನ್ನ ಮೇಲೆ ಪದ ಕಟ್ಟಿದಾರೆ. ಮೀನು ಮಾರ್ಕೆಟ್ಟಲ್ಲಿ ಹಾಡ್ತಾ ಇದ್ರು, ಕೇಳಿಸ್ಕೊಂಡೇ ಬಂಗುಡೆ ತಗೊಂಡು ಬಂದೆ.”

ಮುದುಕರು ಊರುಗೋಲು ಇಳಿಸಿದರು.

*

ಚೌಕಟ್ಟಿನ ಬೆನ್ನಿನ ಮೊಳೆಗಳನ್ನು ಡಾಕ್ಟರೇ ತಮ್ಮ ಚೀಲದಲ್ಲಿದ್ದ ಸಣ್ಣ ಇಕ್ಕಳದಿಂದ ಕಿತ್ತರು. ಹಲಗೆ ತೆಗೆದು, ಕಾಗದದ ಎರಡು ಮೂಲೆ ಹಿಡಿದು, ಹಸುಗೂಸನ್ನು ನೀರಿನಿಂದ ಎತ್ತುವಂತೆ ಎತ್ತಿದರು. ಗಾಜಿಲ್ಲದ ಬಣ್ಣ ಒದ್ದೆಯಾಗಿದ್ದಂತೆ ಹೊಳೆಯಿತು.

“ಕಿಟಕಿಗೆ ಹಿಡೀರಿ,” ಎಂದ ಕೊಸ್ಮಾಟೊಸ್. “ಬಿಸಿಲಿಗೆ.”

ಬಂದರಿನ ಕಡೆಯ ಕಿಟಕಿಯಲ್ಲಿ ಬೆಳಗಿನ ಬಿಸಿಲು ತುಂಬಿತ್ತು. ಡಾಕ್ಟರು ಕಾಗದವನ್ನು ಮೇಲೆತ್ತಿ ಹಿಡಿದರು.

ಊರು ಹೊತ್ತಿಕೊಂಡಿತು.

ಮನೆಗಳ ಗೋಡೆಗಳೆಲ್ಲ ಒಳಗೆ ದೀಪವಿಟ್ಟಂತೆ ಬೆಳಗಿದವು, ಏಕೆಂದರೆ ಅಲ್ಲಿ ಬಣ್ಣವಿರಲಿಲ್ಲ, ಬರೀ ಕಾಗದ. ಸಮುದ್ರದೊಳಗಿಂದ ಬೆಳಕು ಬಂತು. ಚಿತ್ರದ ಆಕಾಶದಲ್ಲಿ, ಕಾಗದ ಮಾಡಿದವರ ತಂತಿಜಾಲರಿಯ ಸಣ್ಣ ಗೆರೆಗಳೂ ಕಾಗದದೊಳಗೇ ಒತ್ತಿದ ನೀರಗುರುತಿನ, ಅಂದರೆ ವಾಟರ್‌ಮಾರ್ಕಿನ, ಕಿರೀಟವೂ ಮೂಡಿದವು. ಈ ಹೊಳೆಯುವ ಊರಿನ ನಟ್ಟನಡುವೆ ಒಂದು ಜಾಗ ಮಾತ್ರ ಹುಳುಕು ಹಲ್ಲಿನಂತೆ ಕಪ್ಪಾಗಿ ನಿಂತಿತ್ತು.

ಬೆಲ್ಲಿನಿಸ್ ಮನೆಯ ಮೂರನೆಯ ಮಹಡಿ.

ದಪ್ಪ ಬಿಳಿ ಬಣ್ಣ ಬೆಳಕನ್ನು ಒಂದಿಷ್ಟೂ ದಾಟಲು ಬಿಟ್ಟಿರಲಿಲ್ಲ. ಕೆಳಗಿನ ಎರಡು ಮಹಡಿ ಊರಿನ ಜೊತೆ ಬೆಳಗುತ್ತಿದ್ದವು.

ಡಾಕ್ಟರ ಕಿವಿ ನಿಧಾನವಾಗಿ ಕೆಂಪಾಯಿತು. “ಕಾಗದ ಆ ಕಾಲದ್ದೇ,” ಎಂದರು ಕೊನೆಗೆ. “ಕಿರೀಟದ ಗುರುತು ಸರಿಯಾಗಿದೆ. ಗೆರೆಗಳು... ಕುಂಚದ ಓಟ... ಇದು ವಿಲ್ಮಟ್‌ದೇ. ಇದೇ ಅಸಲು. ಸೇರಿಸಿರೋದು ಅದೊಂದು ಮಹಡಿ.” ಕಾಗದವನ್ನು ಮೆಲ್ಲಗೆ ಇಳಿಸಿ, “ನಾನು ಚುಚ್ಚಿದ್ದೂ ಅದನ್ನೇ,” ಎಂದರು.

ರೂಬಿನಿ ಗೋಡೆಗೆ ಒರಗಿದಳು. ಆಮೇಲೆ ಗೋಡೆಯನ್ನೇ ಹಿಡಿದುಕೊಂಡು ಜಾರಿ ನೆಲದ ಮೇಲೆ ಕುಳಿತು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು, ಭುಜ ಕುಲುಕುತ್ತಾ ಅಳತೊಡಗಿದಳು ಎಂದುಕೊಂಡು ಕೊಸ್ಮಾಟೊಸ್ ನೀರು ತರಲು ಓಡಿದ. ಲೋಟ ತಂದು ನೋಡಿದರೆ ನಗುತ್ತಿದ್ದಳು.

“ಬಂಗುಡೆ!” ಎಂದಳು ಉಸಿರು ಸಿಕ್ಕಾಗ. “ಬಂಗುಡೆ ಹಾಗೇ ಇಟ್ಟು ಬಂದಿದೀನಿ, ಜೈಲಿಗೆ ಹೋಗೋಳು ಯಾರಿಗೆ ಅಂತ ಹುರೀಲಿ ಅಂತ. ಬೆಕ್ಕು ಮುಗಿಸಿರುತ್ತೆ.”

ಅಂಜೊಲೊ ಮಾತ್ರ ಕುರ್ಚಿಯ ತುದಿಯಲ್ಲಿ ಕುಳಿತು ತಮ್ಮ ಬೂಟು ನೋಡುತ್ತಿದ್ದರು. ಕೊಸ್ಮಾಟೊಸ್ ಅವರ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದ.

“ಯಾವಾಗ ಕಟ್ಟಿದ್ದು ಸ್ಯೋರ್ ಅಂಜೊಲೊ?”

“ಐವತ್ತಮೂರು. ಬೇಸಿಗೆ.” ದನಿ ಸಣ್ಣದಾಗಿತ್ತು. “ಕರ್ವೇಲಾಸ್‌ರ ಮನೆ ಮೂರು ಮಹಡಿ. ನಮ್ಮದು ಎರಡು. ತಂದೆಗೆ ಅದು ಜೀವಮಾನದ ಹೊಟ್ಟೆನೋವು. ನಿಜವಾದ ಮಹಡಿ ಎತ್ತಿಸೋಕೆ ಕೈಲಿ ಬಲ ಇರಲಿಲ್ಲ. ಆದ್ರೆ ಈ ಚಿತ್ರ ನಮ್ಮ ನಡುಮನೆಯಲ್ಲಿತ್ತು. ಬಂದವರೆಲ್ಲ ನೋಡೋರು. ‘ಈಗ ಎರಡೇ ಇದೆ, ಅಜ್ಜನ ಕಾಲದಲ್ಲಿ ಮೂರಿತ್ತು, ಸಿಡಿಲು ಬಡಿದು ಹೋಯ್ತು’ ಅಂತ ಹೇಳೋಕೆ ಒಂದು ಆಧಾರ ಬೇಕಿತ್ತು ಅವರಿಗೆ.”

“ಆಹಾ,” ಎಂದಳು ರೂಬಿನಿ ನೆಲದಿಂದ.

“ಸಮುದ್ರದಾಚೆ ಪಾತ್ರಾಸ್‌ನಲ್ಲಿ ಒಬ್ಬ ಪೇಂಟರ್ ಇದ್ದ. ಚರ್ಚಿನ ಸಂತರ ಮೂಗು ರಿಪೇರಿ ಮಾಡ್ತಿದ್ದ. ಅವನ ಹತ್ರ ಕೊಟ್ಟುಬಂದವನು ನಾನೇ. ಆಗಸ್ಟ್ ಮೊದಲ ವಾರ.”

ಕೊಸ್ಮಾಟೊಸ್ ತಲೆಯೆತ್ತಿದ. ಆ ಆಗಸ್ಟ್ ಅವನಿಗೂ ಗೊತ್ತಿತ್ತು. ಅವನ ಹಳ್ಳಿಯೂ ಅದೇ ತಿಂಗಳು ನೆಲಸಮವಾಗಿತ್ತು.

“ಭೂಕಂಪ ಆದಾಗ ಚಿತ್ರ ಪಾತ್ರಾಸ್‌ನಲ್ಲಿತ್ತು,” ಎಂದರು ಅಂಜೊಲೊ. “ಮನೆ ಬಿತ್ತು. ನಡುಮನೆಯಲ್ಲಿದ್ದ ಪಿಯಾನೊ, ತಾಯಿಯ ಫೋಟೊ, ಎಲ್ಲಾ ಸುಟ್ಟು ಹೋಯ್ತು. ಕರ್ವೇಲಾಸ್‌ರ ಮೂರು ಮಹಡಿನೂ ಹೋಯ್ತು. ಉಳಿದಿದ್ದು ಇದೊಂದೇ. ಪೇಂಟರ್ ಒಣಗಲಿ ಅಂತ ಇಟ್ಟಿದ್ದ.”

ರೂಬಿನಿ ನಗು ನಿಲ್ಲಿಸಿದ್ದಳು. ಎದ್ದು ನಿಂತು ಚಿತ್ರದ ಹತ್ತಿರ ಬಂದಳು. “ಅಂದ್ರೆ, ನಿಮ್ಮಪ್ಪ ಸುಳ್ಳು ಮಹಡಿ ಕಟ್ಟಿಸೋಕೆ ಕಳಿಸದೇ ಇದ್ದಿದ್ರೆ...”

“ನಮ್ಮ ನಡುಮನೆಯಲ್ಲೇ ಸುಟ್ಟುಹೋಗ್ತಿತ್ತು. ಯಾರ ಮನೆಯೂ ಉಳೀತಿರಲಿಲ್ಲ. ನಿನ್ನ ಅಜ್ಜಿದೂ.”

ಅವಳ ಅಜ್ಜಿಯ ಮನೆ ಚಿತ್ರದ ಎಡತುದಿಯಲ್ಲಿ, ಉಗುರಿನಷ್ಟು. ಬೆಳಕಿಗೆ ಹಿಡಿದಾಗ ಅದೂ ಬೆಳಗಿತ್ತು.

“ಇದನ್ನ ಮೊದಲೇ ಹೇಳೋಕೇನಾಗಿತ್ತು?”

“ಹೇಳಿದ್ರೆ ಬೀದಿನಾಟಕದವರು ನಿನ್ನ ಬಿಟ್ಟು ನನ್ನ ಮೇಲೆ ಪದ ಕಟ್ತಾರೆ. ಕಳ್ಳ ಅಂದ್ರೆ ಪರವಾಗಿಲ್ಲ ಮಗೂ, ನಮ್ಮ ಮನೆತನದಲ್ಲಿ ಕಳ್ಳರು ಆಗಿಹೋಗಿದ್ದಾರೆ. ಎರಡು ಮಹಡಿಯವರು ಅನ್ನಿಸ್ಕೊಂಡು ಹೇಗೆ ಬದುಕಲಿ?”

“ಮಹಡಿ ಕೆರೆದು ತೆಗೆಯಬಹುದು,” ಎಂದರು ಡಾಕ್ಟರು, ಸಹಾಯ ಮಾಡುವ ಉತ್ಸಾಹದಲ್ಲಿ. “ಎರಡು ದಿನದ ಕೆಲಸ. ಮೂಲಸ್ಥಿತಿಗೆ...”

“ಮುಟ್ಟಿದ್ರೆ ನೋಡಿ!” ಎಂದಳು ರೂಬಿನಿ. ಅಂಜೊಲೊ ಬೆಚ್ಚಿ ಅವಳನ್ನು ನೋಡಿದರು. “ಲಂಡನ್ನಿನವರು ಇಲ್ಲದ ಕಂಬ ನಿಲ್ಲಿಸಬಹುದು, ನಮ್ಮೋರು ಒಂದು ಮಹಡಿ ಎತ್ತಬಾರದಾ? ಅದು ಇರುತ್ತೆ. ಊರನ್ನ ಉಳಿಸಿದ ಮಹಡಿ ಅದು.”

ಅಂಜೊಲೊ ದೂರಿನ ಕಾಗದವನ್ನು ನಾಲ್ಕಾಗಿ ಹರಿದು ಕೋಟಿನ ಜೇಬಿಗೆ ಹಾಕಿಕೊಂಡರು. ಡಾಕ್ಟರು ಮೇಜಿನ ಬಳಿ ಕುಳಿತು, ಸಂಘದ ಚಿತ್ರ ಅಸಲು, ಮೇಲ್ವಿಚಾರಕಿಯ ಮೇಲೆ ಯಾವ ಆಪಾದನೆಯೂ ಇಲ್ಲ ಎಂದು ಬರೆದು, ಮುದ್ರೆ ಒತ್ತಿ, ಎರಡೂ ಕೈಯಿಂದ ರೂಬಿನಿಗೆ ಕೊಟ್ಟರು. ಅವಳು ಅದನ್ನು ಎದೆಗೆ ಒತ್ತಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು.

ಕೆಳಗಿನ ಅಂಗಡಿಯಿಂದ ಕಾಫಿ ಬಂತು. ಅಂಜೊಲೊ ಬಾದಾಮಿ ಮಿಠಾಯಿ ತರಿಸಿದರು. ಹಲ್ಲಿಗೆ ಅಂಟುವ, ಜೇನು ಮೊಟ್ಟೆಬಿಳಿಯ ಮಿಠಾಯಿ, ಬಾಯಿಗೆ ಹಾಕಿಕೊಂಡರೆ ತಜ್ಞರೂ ಮಾತಾಡಲಾರರು.

“ನಿಮ್ಮ ಊರಿನ ಚಿತ್ರ ಇದೆಯಾ ಇನ್ಸ್‌ಪೆಕ್ಟರೇ?” ಎಂದು ಅಂಜೊಲೊ ಕೇಳಿದರು, ಈಗ ಧಾರಾಳ ಮನಸ್ಸಿನಿಂದ.

“ಇಲ್ಲ. ಪ್ರವಾಸಿಗಳು ನಮ್ಮ ಹಳ್ಳಿ ಹತ್ರ ಬರಲೇ ಇಲ್ಲ. ಮೇಕೆಗಳಿದ್ದವು. ಮೇಕೆ ನೋಡೋಕೆ ಇಂಗ್ಲೆಂಡಿನಿಂದ ಯಾರು ಬರ್ತಾರೆ?”

“ಇದರಲ್ಲೇ ಯಾವುದಾದ್ರೂ ಮೂಲೆಯಲ್ಲಿ ಒಂದು ಮನೆ ತಗೊಳಿ,” ಎಂದಳು ರೂಬಿನಿ. “ಹಿಂಭಾಗದ ಸಾಲಿನಲ್ಲಿ ವಾರಸುದಾರರಿಲ್ಲದವು ಇದಾವೆ. ಒಂದೇ ಮಹಡಿ, ಆದ್ರೆ ಒಳ್ಳೆ ಗಾಳಿ. ಸೋಮವಾರ ಬಿಟ್ಟು ಯಾವಾಗ ಬೇಕಾದ್ರೂ ಬೆರಳಿಡಿ.”

ಕೊಸ್ಮಾಟೊಸ್ ಉತ್ತರಿಸಲು ನೋಡಿದ. ಮಿಠಾಯಿ ಅಡ್ಡ ಬಂತು. ಅದೇ ಒಳ್ಳೆಯದಾಯಿತು.

ಬೆಳಕಿನಲ್ಲಿ ಊರು ನೋಡಿದ ರುಚಿ ರೂಬಿನಿಗೆ ಹತ್ತಿಬಿಟ್ಟಿತ್ತು. ಇಷ್ಟು ವರ್ಷ ಗೋಡೆಗೆ ನೇತುಹಾಕಿ ಒರೆಸಿದ್ದೇ ಬಂತು, ಬೇಕೆಂದು ಒಮ್ಮೆಯೂ ಕಿಟಕಿಗೆ ಹಿಡಿದಿರಲಿಲ್ಲ. ಒಂದು ಮಠದ ನೋಟ ತೆಗೆದು ಹಿಡಿದಳು, ಬೆಳಗಿತು. ಬಂದರಿನ ದೀಪಸ್ತಂಭ ಹಿಡಿದಳು, ಬೆಳಗಿತು. ಅಂಜೊಲೊ ಪ್ರತಿಯೊಂದಕ್ಕೂ ಚಪ್ಪಾಳೆ ತಟ್ಟಿದರು. ಡಾಕ್ಟರು ನೀರಗುರುತು ತೋರಿಸಿ ತೋರಿಸಿ ವಿವರಿಸಿದರು. ಕೇಳುವವರಿಲ್ಲದಿದ್ದರೂ ಅವರಿಗೆ ಬೇಸರವಿರಲಿಲ್ಲ.

“ಇದು ನೋಡಿ, ಇದು ರಾಜ!” ಎನ್ನುತ್ತಾ ರೂಬಿನಿ ಒಳಕೋಣೆಯಿಂದ ಇನ್ನೊಂದು ಚೌಕಟ್ಟು ಹೊತ್ತು ತಂದಳು. ವಿಲ್ಮಟ್ ದ್ವೀಪವನ್ನೆಲ್ಲ ಸುತ್ತಿ ಅಳೆದು, ಕೈಯಿಂದಲೇ ಬರೆದ ನಕ್ಷೆ. ಒಂದೊಂದು ಕೊಲ್ಲಿ, ಒಂದೊಂದು ಬಾವಿ, ಗಾಣ, ಪುಟ್ಟ ಗುಡಿ. ಇಂಥದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ. ಅಥೆನ್ಸಿನ ಪ್ರದರ್ಶನದವರು ನಿಜವಾಗಿ ಕೇಳಿದ್ದು ಇದನ್ನೇ. “ಹೋದ ಕಾರ್ನಿವಲ್‌ನಲ್ಲಿ ಗಾಜು ಒಡೆದಾಗ ನಾನೇ ಹೊರಗೆ ತೆಗೆದಿದ್ದೆ. ಸಮುದ್ರದ ಮೇಲೆ ಇಷ್ಟು ದೊಡ್ಡ ಕಿರೀಟ ಇದೆ, ಕತ್ತಲೆಯಲ್ಲೂ ಕಾಣುತ್ತೆ.”

ಅವಳು ನಕ್ಷೆಯನ್ನು ಚೌಕಟ್ಟಿನಿಂದ ಬಿಡಿಸಿ ಬಿಸಿಲಿಗೆ ಎತ್ತಿದಳು.

ಕಾಗದ ಬೆಳಗಿತು, ಹಾಲಿನಂತೆ ಸಮನಾಗಿ. ತಂತಿಜಾಲರಿಯ ಗೆರೆಗಳಿರಲಿಲ್ಲ. ಕಿರೀಟವಿರಲಿಲ್ಲ. ಪೇಟೆಯಲ್ಲಿ ಶಾಲೆಯ ಮಕ್ಕಳು ಕೊಳ್ಳುವ ಕಾಗದವನ್ನು ಕಿಟಕಿಗೆ ಹಿಡಿದರೆ ಹೇಗಿರುತ್ತದೋ ಹಾಗಿತ್ತು.

ಅಂಜೊಲೊ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ಒಂದೇ ಸಲ. ಎರಡನೆಯದಕ್ಕೆ ಕೈ ಕೂಡಲಿಲ್ಲ.

ಡಾಕ್ಟರು ಕೋಣೆಯ ಆ ತುದಿಯಲ್ಲಿ ಚೀಲ ಕಟ್ಟುತ್ತಿದ್ದರು, ಬೆನ್ನು ಇತ್ತ. “ಅದೂ ಚೆನ್ನಾಗಿದೆ ತಾನೆ?” ಎಂದರು.

ಕೊಸ್ಮಾಟೊಸ್ ರೂಬಿನಿಯ ಮುಖ ನೋಡಿದ. ಬಣ್ಣ ಇಳಿದುಹೋಗಿತ್ತು. ಈಗ ಅವಳು ಕೈ ಇಳಿಸಿ, ಹೌದು ಎಂದು, ಚೌಕಟ್ಟು ಮುಚ್ಚಿದರೆ ಡಾಕ್ಟರು ಹೋಗುತ್ತಾರೆ. ಎದೆಗೆ ಒತ್ತಿಕೊಂಡಿದ್ದ ಕಾಗದ ಅವಳ ಹತ್ತಿರ ಉಳಿಯುತ್ತದೆ. ಅವಳಿಗೂ ಅದು ಹೊಳೆದಿತ್ತು. ಹೊಳೆದದ್ದು ಕಣ್ಣಿನಲ್ಲಿ ಕಂಡಿತು.

“ಬೀಗದ ಕೈ ಯಾರಿಗಾದ್ರೂ ಕೊಟ್ಟಿದ್ರಾ?” ಅವನು ತುಟಿ ಅಲುಗದಂತೆ ಕೇಳಿದ. “ಕಾರ್ನಿವಲ್ ಆದಮೇಲೆ, ಒಂದೇ ಒಂದು ಸಲ?”

“ಇಲ್ಲ.” ಅವಳು ಪಿಸುಗುಡಲಿಲ್ಲ. “ಯಾರಿಗೂ ಇಲ್ಲ. ಅದು ನನ್ನ ಹತ್ರಾನೇ ಇತ್ತು.”

ನಕ್ಷೆಯನ್ನು ಮೇಜಿನ ಮೇಲಿಟ್ಟಳು. ಪ್ರಮಾಣಪತ್ರವನ್ನು ಎತ್ತಿಕೊಂಡು ಕೋಣೆಯುದ್ದಕ್ಕೂ ನಡೆದು ಹೋಗಿ ಡಾಕ್ಟರ ಮುಂದೆ ಹಿಡಿದಳು.

“ಇದನ್ನ ವಾಪಸ್ ತಗೊಳಿ, ಡಾಕ್ಟರೇ. ಹೊಸದು ಬರೀರಿ. ಈ ಸಲ ನಿಜವಾಗ್ಲೂ ಕಳವು ಆಗಿದೆ. ಬೀಗ ಒಡೆದಿಲ್ಲ.”